ಬಳ್ಳಾರಿ ಸರಿಯಾಗಿ ಕೂತಿತು, ಲಾಟ್ ನಂಬರ್ ಕಳೀತು: ದಲಾಲಿ ಅಂಗಡೀಲಿ ಪೋಸ್ಟ್‌ಗ್ರೆಸ್‌ ಜೊತೆ ಏಳು ವರ್ಷ

ಬ್ಯಾಡಗಿಯಲ್ಲಿ ನಮ್ಮ ಕಾಕಾನ ಮೆಣಸಿನಕಾಯಿ ದಲಾಲಿ ಅಂಗಡಿ. ಅಲ್ಲಿನ ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದು ನಾನು, ಇವತ್ತಿಗೂ ನೋಡ್ಕೊಳ್ತಾ ಇರೋದೂ ನಾನೇ. 2018ರ ದೀಪಾವಳಿ ಆದ್ಮೇಲೆ ಶುರು ಮಾಡಿದ್ದು, ಹಿಂದೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್, ಮುಂದೆ ಜಾಂಗೋ ಅನ್ನೋ ವೆಬ್ ಫ್ರೇಮ್‌ವರ್ಕ್, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದಕ್ಕೆ 8 ಜಿಬಿ ರ್‍ಯಾಮ್ ಹಾಕ್ಸಿ ಉಬುಂಟು 18.04 ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ. ಡೇಟಾಬೇಸ್ ಲೈಸೆನ್ಸ್‌ಗೆ ಅಂತ ಏಳು ವರ್ಷದಲ್ಲಿ ಒಂದು ರೂಪಾಯಿ ಖರ್ಚಾಗಿಲ್ಲ, ದುಡ್ಡು ಹೋಗಿದ್ದೆಲ್ಲ ಯುಪಿಎಸ್ ಬ್ಯಾಟರಿಗೆ ಮತ್ತೆ ಪ್ರಿಂಟರ್‌ಗೆ. ಎಷ್ಟು ಫಾಸ್ಟು, ಎಷ್ಟು ಕೋಟಿ ಸಾಲು ತಡಿಯತ್ತೆ ಅನ್ನೋದೆಲ್ಲ ಎಲ್ಲಾ ಕಡೆ ಸಿಗತ್ತೆ, ನಮಗೆ ಒಂದು ಹಂಗಾಮಿಗೆ ಒಂಬತ್ತು ಸಾವಿರ ಲಾಟ್ (ಮಾರಾಟಕ್ಕೆ ಇಟ್ಟ ಚೀಲಗಳ ಒಂದೊಂದು ಗುಂಪು) ಆದ್ರೆ ಜಾಸ್ತಿ, ಹಾಗಾಗಿ ಅದನ್ನ ಬಿಟ್ಟು ಬೇರೆ ಎರಡು ವಿಷಯ ಹೇಳ್ತೀನಿ. ಒಂದು ನನಗೆ ತುಂಬಾ ಖುಷಿ ಕೊಟ್ಟಿದ್ದು, ಇನ್ನೊಂದು ಮೂರು ರಾತ್ರಿ ನಿದ್ದೆ ಕೆಡ್ಸಿದ್ದು. ಎರಡರ ಮೂಲಾನೂ ಒಂದೇ, ಅಕ್ಷರಗಳನ್ನ ಯಾವ ಕ್ರಮದಲ್ಲಿ ಜೋಡಿಸ್ಬೇಕು ಅನ್ನೋದು.

ಖುಷಿದು ಮೊದಲು. ನಮ್ಮಲ್ಲಿ ರೈತರ ಹೆಸರು, ಊರು ಎಲ್ಲಾ ಕನ್ನಡದಲ್ಲೇ ಬರೀತೀವಿ. ಮುಂಚೆ ಗುಮಾಸ್ತರು ಎಕ್ಸೆಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೀತಿದ್ರು, ಒಬ್ಬನೇ ಬಸವರಾಜ ನಾಲ್ಕು ಸ್ಪೆಲ್ಲಿಂಗಲ್ಲಿ ನಾಲ್ಕು ಖಾತೆ ಆಗಿರ್ತಿದ್ದ. ಕನ್ನಡಕ್ಕೆ ಬಂದ ಮೇಲೆ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಹಚ್ಚಿದ್ವಿ, ಕಾಕಾ ನೋಡಿ, "ಏನಪಾ ಇದು, ಬಳ್ಳಾರಿ ಮುಗದ ಮ್ಯಾಲೆ ಬಸವಕಲ್ಯಾಣ ಬಂದೈತಿ, ನೀ ಸಾಲಿಗೆ ಹೋಗಿದ್ದಿಲ್ಲೇನು?" ಅಂದ್ರು. ಅವರು ಹೇಳಿದ್ದು ಸರಿ ಇತ್ತು. ನಾವು ಕಲಿತ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದ್ಮೇಲೆ ಕೊನೆಗೆ ಳ. ಆದ್ರೆ ಯೂನಿಕೋಡ್ ಕೋಡ್ ಪಟ್ಟಿಯಲ್ಲಿ ಳ ಇರೋದು ಲ ಪಕ್ಕದಲ್ಲಿ, ವ-ಗಿಂತ ಮುಂಚೆ. ಬರೀ ಕೋಡ್ ಸಂಖ್ಯೆ ನೋಡಿ ಜೋಡಿಸಿದ್ರೆ ಬಳ್ಳಾರಿ ಮೊದಲು ಬರತ್ತೆ, ಎಲ್ಲಾ ಬಸಪ್ಪ ಬಸವರಾಜರು ಅದರ ಹಿಂದೆ ನಿಲ್ತಾರೆ. ನಾನು ಆ ಪಟ್ಟಿಗೆ ಸಿ ಅನ್ನೋ ಕೊಲೇಶನ್, ಅಂದ್ರೆ ಅಕ್ಷರ ಜೋಡಿಸೋ ನಿಯಮ, ಇಟ್ಟಿದ್ದೆ, ಅದು ಮಾಡೋದೇ ಅಷ್ಟು, ಬೈಟ್ ನೋಡಿ ಜೋಡ್ಸೋದು.

ಇದಕ್ಕೆ ದಾರಿ ಪೋಸ್ಟ್‌ಗ್ರೆಸ್‌ನಲ್ಲೇ ಸಿಕ್ತು. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಐಸಿಯು ಅನ್ನೋ ಲೈಬ್ರರಿಯ ಕೊಲೇಶನ್‌ಗಳು ಅದ್ರಲ್ಲಿ ಇವೆ, ಅದ್ರಲ್ಲಿ ಕನ್ನಡಕ್ಕೇ ಒಂದಿದೆ, ಕೆಎನ್-ಎಕ್ಸ್-ಐಸಿಯು ಅಂತ. ಕ್ವೆರಿಯಲ್ಲಿ, ಅಂದ್ರೆ ಡೇಟಾಬೇಸ್‌ಗೆ ಕೇಳೋ ಪ್ರಶ್ನೆಯಲ್ಲಿ, ಆರ್ಡರ್ ಬೈ ಆದ್ಮೇಲೆ ಕೊಲೇಟ್ ಅಂತ ಬರೆದು ಆ ಹೆಸರು ಹಾಕಿದೆ, ಮತ್ತೆ ಪ್ರಿಂಟ್ ಕೊಟ್ಟೆ, ಬಸವಕಲ್ಯಾಣ, ಬಸವನ ಬಾಗೇವಾಡಿ, ಆಮೇಲೆ ಬಳ್ಳಾರಿ. ಒಂದು ಪದ ಸೇರಿಸಿದ್ದಕ್ಕೆ ಇಡೀ ಪಟ್ಟಿ ನಮ್ಮ ಶಾಲೆಯ ಕ್ರಮಕ್ಕೆ ಬಂತು. ನಾನು ಹತ್ತು ವರ್ಷದಿಂದ ಕೋಡ್ ಬರೀತಾ ಇದೀನಿ, ಕಂಪ್ಯೂಟರು ನಮ್ಮ ವರ್ಣಮಾಲೆ ಗೊತ್ತಿರೋ ಹಾಗೆ ನಡ್ಕೊಂಡಿದ್ದು ಅವತ್ತೇ ಮೊದಲು ನೋಡಿದ್ದು.

ಕನ್ನಡ ಬಳಸೋರು ಇನ್ನೊಂದು ನೆನಪಿಟ್ಕೊಳ್ಳಿ. ಊರಿನ ಹೆಸರಿಗೆ 12 ಅಕ್ಷರ ಸಾಕು ಅಂತ ಮಿತಿ ಇಟ್ಟಿದ್ದೆ, ಹಗರಿಬೊಮ್ಮನಹಳ್ಳಿಯ ರೈತರು ಬಂದ ದಿನ ಎರರ್ ಬಂತು. ಕಣ್ಣಿಗೆ ಎಂಟೇ ಅಕ್ಷರ, ಆದ್ರೆ ಕೊಂಬು, ಗುಡಿಸು, ವಿರಾಮ ಎಲ್ಲಾ ಬೇರೆ ಬೇರೆ ಎಣಿಕೆ ಆಗಿ 15 ಆಗತ್ತೆ. ಕರ್ನಾಟಕ ಅನ್ನೋ ಪದವೇ 7, ಬೈಟ್ ಲೆಕ್ಕದಲ್ಲಿ 21. ಈಗ ಸುಮ್ನೆ ಟೆಕ್ಸ್ಟ್ ಅಂತ ಇಡ್ತೀನಿ, ಮಿತಿನೇ ಇಲ್ಲ, ಪೋಸ್ಟ್‌ಗ್ರೆಸ್‌ನಲ್ಲಿ ಅದರಿಂದ ನಿಧಾನ ಆಗೋದೂ ಇಲ್ಲ.

ದಿನದ ಕೆಲಸದಲ್ಲಿ ನಂಗೆ ಅತಿ ಇಷ್ಟ ಬೆಳಗಿನ ಹತ್ತು ನಿಮಿಷ. ಹಂಗಾಮಿನಲ್ಲಿ ಚೀಲದ ಗಾಡಿಗಳು ಬರೋಕೆ ಮುಂಚೆ ಅಂಗಡಿಗೆ ಹೋಗಿ, ಚಹಾ ಪಕ್ಕಕ್ಕಿಟ್ಟು, ಕ್ವೆರಿ ಟೈಪ್ ಮಾಡೋ ಪಿಎಸ್‌ಕ್ಯೂಎಲ್‌ನ ಕಪ್ಪು ಪರದೆ ತೆಗೀತೀನಿ. ನಿನ್ನೆ ಎಷ್ಟು ಲಾಟ್, ಎಷ್ಟು ಚೀಲ, ಮೆಣಸಿನಕಾಯಿ ತಳಿಯಲ್ಲಿ ಡಬ್ಬಿ ಎಷ್ಟು ಕಡ್ಡಿ ಎಷ್ಟು, ಯಾವ ರೈತರಿಗೆ ಪಟ್ಟಿ, ಅಂದ್ರೆ ಮಾರಾಟದ ಲೆಕ್ಕದ ಚೀಟಿ, ಕೊಡೋದು ಬಾಕಿ ಇದೆ ಅಂತ ನಾಲ್ಕು ಕ್ವೆರಿ, ನಾಲ್ಕೂ ಒಂದು ಫೈಲ್‌ನಲ್ಲಿ ಬರೆದಿಟ್ಟಿದೀನಿ. ಸಾಲು ಉದ್ದ ಆದ್ರೆ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಒತ್ತಿದ್ರೆ ಅಡ್ಡ ಇದ್ದಿದ್ದು ಉದ್ದಕ್ಕೆ ನಿಲ್ಲತ್ತೆ. ಮಧ್ಯಾಹ್ನ ತೂಕ ನಡೀವಾಗ ವಾಚ್ ಕಮಾಂಡ್ ಕೊಟ್ಟು ಬಿಟ್ರೆ ಹತ್ತು ಹತ್ತು ಸೆಕೆಂಡಿಗೆ ಎಣಿಕೆ ತಾನೇ ಬದಲಾಗ್ತಾ ಇರತ್ತೆ, ಕಾಕಾ ಅದನ್ನ ನೋಡ್ಕೊಂಡೇ ಹಮಾಲರಿಗೆ ಹೇಳ್ತಾರೆ. ರಾತ್ರಿ ಅಂಗಡಿ ಬಾಗಿಲು ಹಾಕೋಕೆ ಮುಂಚೆ ಪಿಜಿ ಡಂಪ್, ಅಂದ್ರೆ ಇಡೀ ಡೇಟಾಬೇಸ್‌ನ ಪ್ರತಿ, ತಗೊಂಡು ಪೆನ್‌ಡ್ರೈವ್ ಜೇಬಿಗೆ ಹಾಕ್ಕೊಳ್ಳೋದು, ಭಾನುವಾರ ಮನೇಲಿ ಹಳೇ ಲ್ಯಾಪ್‌ಟಾಪ್‌ಗೆ ಅದನ್ನ ರಿಸ್ಟೋರ್ ಮಾಡಿ ಒಟ್ಟು ಮೊತ್ತ ತಾಳೆ ನೋಡೋದು. ಈ ಭಾನುವಾರದ ಕೆಲಸ ಮಾತ್ರ ಒಂದು ವಾರಾನೂ ಬಿಟ್ಟಿಲ್ಲ, ರಿಸ್ಟೋರ್ ಮಾಡಿ ನೋಡದೇ ಇರೋ ಬ್ಯಾಕಪ್ ನಂಬಬಾರದು.

ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟು ಮಷೀನ್ ಧಡ್ ಅಂತ ಆಫ್ ಆಗಿದ್ದು ಹತ್ತಾರು ಸಲ. ಪ್ರತಿ ಬದಲಾವಣೆನೂ ಮೊದಲು ವಾಲ್ ಅನ್ನೋ ಲಾಗಿಗೆ ಬರೆದೇ ಮುಂದೆ ಹೋಗೋದ್ರಿಂದ, ಮತ್ತೆ ಆನ್ ಮಾಡಿದಾಗ ತಾನೇ ಲಾಗ್ ಓದಿ ಸರಿ ಮಾಡ್ಕೊಂಡು ಏಳತ್ತೆ. ಒಂದು ಲಾಟೂ ಹೋಗಿಲ್ಲ. ಟೇಬಲ್‌ನ ರಚನೆ ಬದಲಾಯ್ಸೋದೂ ಟ್ರಾನ್ಸಾಕ್ಷನ್ ಒಳಗೇ ಆಗತ್ತೆ, ಅರ್ಧದಲ್ಲಿ ತಪ್ಪಾದ್ರೆ ರೋಲ್‌ಬ್ಯಾಕ್ ಅಂದ್ರೆ ಮುಗೀತು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಹಿಂದಿನ ಕೆಲಸದಲ್ಲಿ ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್ ಬಳಸ್ತಿದ್ದೆ, ಅಲ್ಲಿ ರಚನೆ ಬದಲಾಯ್ಸೋ ಆಲ್ಟರ್ ಟೇಬಲ್ ಕೊಟ್ಟ ಕೂಡ್ಲೇ ಕಮಿಟ್ ಆಗಿಬಿಡತ್ತೆ, ಹಿಂದಕ್ಕೆ ತಗೊಳ್ಳೋಕಾಗಲ್ಲ.

ಈಗ ಕೆಟ್ಟ ಭಾಗಕ್ಕೆ ಬರ್ತೀನಿ.

2021ರ ಫೆಬ್ರವರಿ, ಹಂಗಾಮು ಜೋರಾಗಿ ನಡೀತಿತ್ತು. ಹೊಸ ಪ್ರಿಂಟರ್‌ನ ಡ್ರೈವರ್ ಹಳೇ ಉಬುಂಟುನಲ್ಲಿ ಕೂರ್ತಿರ್ಲಿಲ್ಲ ಅಂತ ಒಂದು ಭಾನುವಾರ 18.04ನ್ನ 20.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಪೋಸ್ಟ್‌ಗ್ರೆಸ್ 10 ಹಾಗೇ ಇತ್ತು, ಡೇಟಾ ಫೋಲ್ಡರ್ ಹಾಗೇ ಇತ್ತು, ಆನ್ ಮಾಡಿದ್ರೆ ಎಲ್ಲಾ ಸರಿ ಕಾಣ್ತಿತ್ತು, ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲೂ ಇಲ್ಲ. ಹಂಗಾಮಿನ ನಡುವೆ ಅಪ್‌ಗ್ರೇಡ್ ಮಾಡಿದ್ದು ನನ್ನದೇ ತಪ್ಪು, ಒಪ್ಕೊಳ್ತೀನಿ.

ಮಂಗಳವಾರ ಕಾಕಾ ಕರೆದ್ರು. "12-3 ಲಾಟು ವಹಿಯೊಳಗ ಐತಿ, ನಿನ್ನ ಕಂಪ್ಯೂಟರ್‌ನ್ಯಾಗ ಇಲ್ಲ ಅಂತೈತಲ್ಲೋ ತಮ್ಮಾ." ನಾನು ಹುಡುಕಿದೆ, ನಿಜಕ್ಕೂ ಇಲ್ಲ. ಅದೇ ಇಡೀ ಟೇಬಲ್ ತೆಗೆದು ಕಣ್ಣಲ್ಲೇ ನೋಡ್ತಾ ಹೋದ್ರೆ 12-3 ಇದೆ. ಎದೆ ಒಡ್ದು ಹೋಯ್ತು. ಇಂಡೆಕ್ಸ್ (ಬೇಗ ಹುಡುಕೋಕೆ ಅಂತ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಬಳಸ್ಬೇಡ ಅಂತ ಸೆಟ್ಟಿಂಗ್ ಆಫ್ ಮಾಡಿ ಅದೇ ಕ್ವೆರಿ ಕೊಟ್ಟೆ, ಸಿಕ್ತು. ಆನ್ ಮಾಡಿದೆ, ಇಲ್ಲ. ಡೇಟಾ ಇದೆ, ದಾರಿ ತೋರ್ಸೋ ಇಂಡೆಕ್ಸ್ ಕೆಟ್ಟಿದೆ ಅಂತ ಆಗ ಗೊತ್ತಾಯ್ತು.

ಕಾರಣ ಹೀಗೆ. ಲಾಟ್ ನಂಬರ್ ಕಾಲಂಗೆ ನಾನು ಯಾವ ಕೊಲೇಶನ್ನೂ ಹೇಳಿರ್ಲಿಲ್ಲ, ಆಗ ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಜಿಲಿಬ್‌ಸಿ ಅನ್ನೋ ಮೂಲ ಲೈಬ್ರರಿ ಹೇಳೋ ಕ್ರಮ ತಗೊಳತ್ತೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮದ ನಿಯಮಗಳೇ ದೊಡ್ಡದಾಗಿ ಬದಲಾದ್ವು. ಉಬುಂಟು 18.04ರಲ್ಲಿ ಇದ್ದಿದ್ದು 2.27, 20.04ರಲ್ಲಿ 2.31, ಅಂದ್ರೆ ನಾನು ಒಂದೇ ಭಾನುವಾರದಲ್ಲಿ ಆ ಗೆರೆ ದಾಟಿದ್ದೆ. ಹಳೇ ನಿಯಮದಲ್ಲಿ ನಡುವಿನ ಅಡ್ಡಗೆರೆಗೆ ಮೊದಲ ಸುತ್ತಲ್ಲಿ ಬೆಲೆ ಇಲ್ಲ, ಹಾಗಾಗಿ 12-3 ಹೋಗಿ 123ರ ಪಕ್ಕ ಕೂತಿತ್ತು. ಹೊಸ ನಿಯಮದಲ್ಲಿ ಅಡ್ಡಗೆರೆನೂ ಲೆಕ್ಕಕ್ಕೆ ಬರತ್ತೆ, ಅದು ಅಂಕಿಗಿಂತ ಮೊದಲು, ಆದ್ದರಿಂದ 12-3 ಇರ್ಬೇಕಾದ್ದು 120ಕ್ಕಿಂತ ಮುಂಚೆ. ಇಂಡೆಕ್ಸ್ ಅನ್ನೋದು ನಿಘಂಟು ಇದ್ದ ಹಾಗೆ, ಪದಗಳೆಲ್ಲ ಹಳೇ ಕ್ರಮದಲ್ಲೇ ಅಚ್ಚಾಗಿವೆ, ಹುಡುಕೋನಿಗೆ ಮಾತ್ರ ಹೊಸ ವರ್ಣಮಾಲೆ ಕಲ್ಸಿಬಿಟ್ರು. ಅವನು ತಪ್ಪು ಪುಟಕ್ಕೆ ಹೋಗಿ ಇಲ್ಲ ಅಂತ ವಾಪಸ್ ಬರ್ತಾನೆ. ಪೋಸ್ಟ್‌ಗ್ರೆಸ್ ವಿಕಿಯಲ್ಲಿ ಇದರ ಬಗ್ಗೆ ಒಂದು ಪುಟಾನೇ ಇದೆ, ಅಲ್ಲಿ ಪರೀಕ್ಷೆಗೆ ಕೊಟ್ಟಿರೋ ಉದಾಹರಣೆ 1-1 ಮತ್ತು 11. ನಮ್ಮ ಲಾಟ್ ನಂಬರ್ ಥರದ್ದೇ. ಅಪ್‌ಗ್ರೇಡ್‌ಗೆ ಮುಂಚೆ ಓದ್ಬೇಕಿತ್ತು.

ಹುಡುಕಿದ್ರೆ ಸಿಗ್ದಿರೋದು ಸಣ್ಣ ನೋವು. ಲಾಟ್ ನಂಬರ್ ಎರಡು ಸಲ ಬರಬಾರದು ಅಂತ ಹಾಕಿದ್ದ ಯೂನಿಕ್ ಕಾವಲೂ ಅದೇ ಇಂಡೆಕ್ಸ್ ನಂಬ್ಕೊಂಡು ಕೂತಿರತ್ತೆ. ಗುಮಾಸ್ತರು ಲಾಟ್ ಕಾಣ್ತಿಲ್ಲ, ಎಂಟ್ರಿ ಆಗಿಲ್ಲ ಅನ್ಕೊಂಡು ಮತ್ತೆ ಹೊಡೆದಿದ್ರು, ಡೇಟಾಬೇಸ್ ಬೇಡ ಅನ್ನದೇ ತಗೊಂಡಿತ್ತು. ಎರಡೇ ದಿನದಲ್ಲಿ 37 ಲಾಟ್ ಡಬಲ್. ಇಂಡೆಕ್ಸ್ ಮತ್ತೆ ಕಟ್ಟೋ ರೀಇಂಡೆಕ್ಸ್ ಕೊಟ್ರೆ ಆಗಲ್ಲ, ಡಬಲ್ ಇರೋದ್ರಿಂದ ಯೂನಿಕ್ ಇಂಡೆಕ್ಸ್ ಕಟ್ಟಕ್ಕಾಗಲ್ಲ ಅಂತ ನಿಲ್ತಿತ್ತು. ಹಾಗಾಗಿ ಮೂರು ರಾತ್ರಿ ಕಾಕಾ ವಹಿ ಹಿಡ್ಕೊಂಡು ಒಂದೊಂದೇ ಲಾಟ್ ಓದೋದು, ನಾನು ಯಾವುದು ನಿಜ ಯಾವುದು ಎರಡನೇದು ಅಂತ ನೋಡಿ ತೆಗೆಯೋದು. ಅಷ್ಟರಲ್ಲಿ ನಾಲ್ಕು ಜನ ರೈತರಿಗೆ ಎರಡು ಪಟ್ಟಿ ಆಗಿ ಎರಡು ಸಲ ದುಡ್ಡು ಹೋಗಿತ್ತು. ಫೋನ್ ಮಾಡಿದ್ವಿ, ನಾಲ್ಕೂ ಜನ ವಾಪಸ್ ಕೊಟ್ರು, ಒಬ್ರು ನಾವು ಫೋನ್ ಮಾಡೋಕೆ ಮುಂಚೆನೇ ದುಡ್ಡು ಹಿಡ್ಕೊಂಡು ಅಂಗಡಿಗೆ ಬಂದು ಕೂತಿದ್ರು. ಆ ಕ್ಷಣ ನೆನೆಸ್ಕೊಂಡ್ರೆ ಈಗ್ಲೂ ಗಂಟಲು ಕಟ್ಟತ್ತೆ, ಯಾಕಂದ್ರೆ ಕಾಕಾನ ಅಂಗಡಿ ನಡೆಯೋದೇ ಆ ನಂಬಿಕೆ ಮೇಲೆ, ನನ್ನ ಒಂದು ಅಪ್‌ಗ್ರೇಡ್ ಅದಕ್ಕೇ ಕೈ ಹಾಕಿತ್ತು.

ನನ್ನ ಸಿಟ್ಟು ಕ್ರಮ ಬದಲಾಗಿದ್ದಕ್ಕಲ್ಲ, ಕ್ರಮ ಸುಧಾರಿಸ್ಲೇಬೇಕು, ಳ-ದ ವಿಷಯದಲ್ಲಿ ನಾನೇ ಅದರ ಲಾಭ ತಗೊಂಡೋನು. ಸಿಟ್ಟು ಆ ಮೌನಕ್ಕೆ. ಇಷ್ಟು ಹುಷಾರಾಗಿರೋ, ಕರೆಂಟ್ ಹೋದ್ರೂ ಒಂದು ಬೈಟ್ ಬಿಡದಿರೋ ಡೇಟಾಬೇಸು, ಕೆಳಗಿನ ನೆಲ ಸರಿದಾಗ ಒಂದು ಮಾತು ಹೇಳ್ಲಿಲ್ಲ. ವಿಚಿತ್ರ ಅಂದ್ರೆ 10ರಲ್ಲೇ ಐಸಿಯು ಕೊಲೇಶನ್‌ಗಳ ಆವೃತ್ತಿ ಬರೆದಿಟ್ಕೊಂಡು, ಬದಲಾದ್ರೆ ಎಚ್ಚರಿಸೋ ವ್ಯವಸ್ಥೆ ಇತ್ತು, ಡೀಫಾಲ್ಟ್ ಕೊಲೇಶನ್‌ಗೆ ಇರ್ಲಿಲ್ಲ. 2022ರಲ್ಲಿ 15ನೇ ಆವೃತ್ತಿ ಬಂದ ಮೇಲೆ ಡೇಟಾಬೇಸ್‌ನ ಡೀಫಾಲ್ಟ್‌ಗೂ ಆವೃತ್ತಿ ನೋಡಿ, ತಾಳೆ ಆಗದಿದ್ರೆ ಎಚ್ಚರಿಕೆ ಕೊಡತ್ತೆ. ನಮ್ಮಂಥವರಿಗೆ ಅದು ತಡ ಆಯ್ತು, ಆದ್ರೂ ಮಾಡಿದ್ದಾರೆ, ಅದನ್ನ ಹೇಳ್ಲೇಬೇಕು.

ಈಗ ಲಾಟ್ ನಂಬರ್, ಬಿಲ್ ನಂಬರ್, ಕೋಡ್ ಇರೋ ಕಾಲಂಗಳಿಗೆಲ್ಲ ಸಿ ಕೊಲೇಶನ್ ಹಾಕಿದೀನಿ, ಅದು ಬೈಟ್ ಮಾತ್ರ ನೋಡೋದು, ಯಾವ ಅಪ್‌ಗ್ರೇಡ್‌ಗೂ ಬದಲಾಗಲ್ಲ. ಹೆಸರು, ಊರಿಗೆ ಮಾತ್ರ ಕನ್ನಡದ ಐಸಿಯು. ಜಾಂಗೋ 3.2ರಿಂದ ಮಾಡೆಲ್‌ನಲ್ಲೇ ಡಿಬಿ ಕೊಲೇಶನ್ ಅಂತ ಬರೀಬಹುದು, ಕೈಯಾರೆ ಎಸ್‌ಕ್ಯೂಎಲ್ ಬರೆಯೋ ಕೆಲಸ ಇಲ್ಲ. ತಿಂಗಳಿಗೊಮ್ಮೆ ಆಮ್‌ಚೆಕ್ ಓಡಿಸ್ತೀನಿ, ಇಂಡೆಕ್ಸ್ ಕ್ರಮ ತಪ್ಪಿದ್ರೆ ಹೇಳತ್ತೆ. ಆಪರೇಟಿಂಗ್ ಸಿಸ್ಟಮ್ ಬದಲಾಯ್ಸೋವಾಗ ಡೇಟಾ ಫೋಲ್ಡರ್ ಎತ್ತಿ ಇಡೋದು ಬಿಟ್ಟು ಡಂಪ್ ತೆಗೆದು ಹೊಸದಕ್ಕೆ ರಿಸ್ಟೋರ್ ಮಾಡ್ತೀನಿ, ಆಗ ಇಂಡೆಕ್ಸ್ ಎಲ್ಲಾ ಹೊಸದಾಗೇ ಕಟ್ಟತ್ತೆ, ನಮ್ಮ ಗಾತ್ರಕ್ಕೆ ಅದು ಚಹಾ ಕುಡಿಯೋಷ್ಟು ಹೊತ್ತಿನ ಕೆಲಸ.

ಸಣ್ಣ ಅಂಗಡಿಗೆ ಪೋಸ್ಟ್‌ಗ್ರೆಸ್ ತಗೋಬಹುದಾ ಅಂದ್ರೆ ತಗೊಳ್ಳಿ, ಆದ್ರೆ ವರ್ಷಕ್ಕೊಂದು ದಿನ ಅದಕ್ಕೇ ಅಂತ ಕೂರೋ ಮನುಷ್ಯ ಒಬ್ಬ ಇರ್ಬೇಕು. ಪ್ರತಿ ಆವೃತ್ತಿಗೂ ಐದು ವರ್ಷ ಮಾತ್ರ ತಿದ್ದುಪಡಿ ಬರತ್ತೆ, ನಮ್ಮ 10ರದ್ದು 2022ರ ನವೆಂಬರ್‌ಗೆ ಮುಗೀತು, ಹಾಕಿ ಮರೆತುಬಿಡೋ ಸಾಮಾನಲ್ಲ. ನಾವೀಗ 16ರಲ್ಲಿ ಇದೀವಿ. ಮುಂದಿನ ಅಪ್‌ಗ್ರೇಡ್ ಜೂನ್‌ನಲ್ಲಿ, ಹಂಗಾಮು ಮುಗಿದು ವಹಿ ಎಲ್ಲಾ ಕಟ್ಟಿಟ್ಟ ಮೇಲೆ. ದಿನಾಂಕ ಕಾಕಾನೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದಾರೆ.