ಸ್ಟುಟ್‌ಗಾರ್ಟಿನಲ್ಲಿ ಮೂರು ಥರದ ಮನೆ: ಯಾವುದು ಯಾರಿಗೆ?

ಜರ್ಮನಿಗೆ ಹೊರಟವರು ಮೊದಲು ಕೇಳುವುದೇ ಮನೆ ವಿಷಯ. ಸ್ಟುಟ್‌ಗಾರ್ಟಿನಲ್ಲಿ ನಾನು ಮೂರು ಥರದಲ್ಲೂ ಇದ್ದು ನೋಡಿದ್ದೇನೆ. ಮೊದಲು ತಿಂಗಳ ಲೆಕ್ಕದ ಫರ್ನಿಶ್ಡ್ ಅಪಾರ್ಟ್‌ಮೆಂಟ್. ಆಮೇಲೆ ನಾಲ್ಕು ಜನ ಹಂಚಿಕೊಂಡಿದ್ದ ಮನೆಯಲ್ಲಿ ಒಂದು ರೂಮು, ಇಲ್ಲಿನವರು ವೇಗೇ ಅನ್ನುತ್ತಾರೆ. ಈಗ ನನ್ನ ಹೆಸರಿನಲ್ಲೇ ಕರಾರು ಇರುವ ಬಾಡಿಗೆ ಮನೆ. ಬಾಡಿಗೆ ಎಲ್ಲಿ ಕಡಿಮೆ ಅನ್ನುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಇಲ್ಲಿನ ರೀತಿನೀತಿ ನಿಮಗೆ ಯಾರು ಕಲಿಸುತ್ತಾರೆ, ತಪ್ಪಿದಾಗ ಯಾರು ಬಂದು ಹೇಳುತ್ತಾರೆ ಅನ್ನುವುದು.

ಫರ್ನಿಶ್ಡ್ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಸೂಟ್‌ಕೇಸ್ ತಂದಿಟ್ಟರೆ ಸಂಸಾರ ಶುರು. ಹಾಸಿಗೆ, ಪಾತ್ರೆ, ಇಂಟರ್ನೆಟ್ ಎಲ್ಲ ಇರುತ್ತದೆ, ಮೂರರಲ್ಲಿ ದುಬಾರಿಯೂ ಇದೇ. ಪಕ್ಕದ ಬಾಗಿಲಿನವರು ತಿಂಗಳಿಗೊಮ್ಮೆ ಬದಲಾಗುತ್ತಿರುತ್ತಾರೆ, ಮುಖ ಪರಿಚಯವೂ ಆಗುವುದಿಲ್ಲ. ಸುಮ್ನೆ ಹೋಟೆಲಿನಲ್ಲಿದ್ದ ಹಾಗೆ.

ಇಂಥ ಮನೆ ಹಿಡಿಯುವಾಗ ಒಂದು ಪ್ರಶ್ನೆ ಕೇಳದೆ ದುಡ್ಡು ಕಟ್ಟಬೇಡಿ: ‘ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತಾ?’ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು ಅನ್ನುವುದು ಕಾನೂನು. ಅದಕ್ಕೆ ಬಾಡಿಗೆ ಕರಾರು ಸಾಲದು, ‘ಇವರು ನಮ್ಮ ಮನೆಗೆ ಬಂದಿದ್ದಾರೆ’ ಎಂದು ಮಾಲೀಕರು ಬರೆದುಕೊಟ್ಟ ಬೇರೆ ಕಾಗದ ಬೇಕು. ನೋಂದಣಿ ಆದ ಮೇಲೇ ತೆರಿಗೆ ನಂಬರ್ ಅಂಚೆಯಲ್ಲಿ ಬರುವುದು. ನಾನು ಮೊದಲು ನೋಡಿದ ಜಾಗದವರು ಆ ಕಾಗದ ಕೊಡಲ್ಲ ಅಂದರು. ಫೋಟೋ ಚೆನ್ನಾಗಿತ್ತು, ಆದರೂ ಬಿಟ್ಟೆ. ಇನ್ನು, ಮನೆ ತೋರಿಸುವ ಮೊದಲೇ ಅಡ್ವಾನ್ಸ್ ಕೇಳುವವರು ಮೋಸಗಾರರು ಅಂತಲೇ ತಿಳಿಯಿರಿ.

ವೇಗೇ ಸಿಗುವುದು ಒಂದು ಥರ ಹೆಣ್ಣು ನೋಡುವ ಶಾಸ್ತ್ರ. ಅಡುಗೆಮನೆ ಮೇಜಿನ ಸುತ್ತ ಕೂರಿಸಿ ಕೇಳುತ್ತಾರೆ: ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ, ಅಡುಗೆ ಎಷ್ಟು ಮಾಡ್ತೀಯ, ಸಂಜೆ ಜೊತೆಗೆ ಕೂರೋದು ಇಷ್ಟಾನಾ, ಇಲ್ಲ ನಿನ್ನ ಪಾಡಿಗೆ ನೀನಾ? ನಿಜ ಹೇಳಿ. ಒಬ್ಬರಿಗೊಬ್ಬರು ತಲೆಹಾಕದೆ ಬಾಡಿಗೆ ಉಳಿಸಲು ಮಾತ್ರ ಒಟ್ಟಿಗಿರುವ ಮನೆಗಳೂ ಬೇಕಾದಷ್ಟಿವೆ. ಐದು ಗಂಟೆ ಅಂದರೆ ಐದಕ್ಕೆ ಹೋಗಿ, ಬಾಗಿಲಲ್ಲೇ ಶೂ ಬಿಚ್ಚಿ.

ಪಾಠ ಶುರುವಾಗುವುದು ಆಮೇಲೆ. ಫ್ರಿಜ್ಜಿನಲ್ಲಿ ನಿಮಗೊಂದು ಶೆಲ್ಫ್, ಬಾಗಿಲ ಮೇಲೆ ಯಾವ ವಾರ ಯಾರು ಬಚ್ಚಲು ತೊಳೆಯಬೇಕು ಅನ್ನುವ ಪಟ್ಟಿ. ಬಂದ ಹೊಸತರಲ್ಲಿ ನನ್ನ ಜೊತೆಯವಳೊಬ್ಬಳು ಮೊಸರಿನ ಖಾಲಿ ಕಪ್ ಹಿಡಿದು ಕಸದ ಡಬ್ಬಗಳ ಮುಂದೆ ನಿಂತು ತೋರಿಸಿಕೊಟ್ಟಳು. ಮೇಲಿನ ಅಲ್ಯೂಮಿನಿಯಂ ಮುಚ್ಚಳವನ್ನು ಪೂರ್ತಿ ಕಿತ್ತಳು. ಕಪ್ಪಿನ ಸುತ್ತ ಇದ್ದ ರಟ್ಟನ್ನು ಉಗುರಿನಲ್ಲಿ ಹರಿದು ತೆಗೆದಳು. ರಟ್ಟು ಕಾಗದದ ಜೊತೆ, ಕಪ್ ಮತ್ತು ಮುಚ್ಚಳ ಹಳದಿ ಡಬ್ಬಕ್ಕೆ, ಆದರೆ ಒಂದರೊಳಗೊಂದು ತುರುಕದೆ ಬೇರೆ ಬೇರೆ. ಬಾಟಲಿಗಳದ್ದು ಇನ್ನೊಂದು ಕಥೆ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ತಗೋಬೇಕು. ಜಾಮ್ ಸೀಸೆಗೆ ಠೇವಣಿ ಇಲ್ಲ, ಅದು ಬೀದಿಯಲ್ಲಿರುವ ಗಾಜು ಹಾಕುವ ತೊಟ್ಟಿಗೆ, ಬಣ್ಣ ನೋಡಿ. ನೀಲಿ ಸೀಸೆ ಹಸಿರಿನ ತೊಟ್ಟಿಗೆ ಅನ್ನುವುದು ಒಬ್ಬರೇ ಇದ್ದರೆ ಎಲ್ಲಿ ಹೊಳೆಯಬೇಕು ಹೇಳಿ! ಭಾನುವಾರ ಅಂತೂ ಗಾಜು ಹಾಕುವಂತಿಲ್ಲ, ಸದ್ದಾಗುತ್ತದೆ.

ಚಳಿಗಾಲದಲ್ಲಿ ಕಿಟಕಿ ತೆರೆಯುವುದನ್ನೂ ಅಲ್ಲೇ ಕಲಿತೆ. ದಿನವಿಡೀ ಓರೆಯಾಗಿ ತೆರೆದಿಡಬಾರದು. ಹೀಟರ್ ಆಫ್ ಮಾಡಿ, ಐದು ಹತ್ತು ನಿಮಿಷ ಪೂರ್ತಿ ತೆರೆದು, ಮುಚ್ಚಬೇಕು. ದಿನಕ್ಕೆ ಕೆಲವು ಸಲ. ಹಾಗೆ ಮಾಡದೆ ಗೋಡೆಗೆ ಬೂಸ್ಟು ಬಂದರೆ ಮಾಲೀಕರ ಜೊತೆ ಜಗಳ ಗ್ಯಾರಂಟಿ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಹಾಕಿ ಕಿಟಕಿ ತೆರೆದರೆ ಯಾರದ್ದೂ ತಕರಾರಿರಲಿಲ್ಲ.

ಸಿಂಕಿನಲ್ಲಿ ಪಾತ್ರೆ ಉಳಿದರೆ ಮುಖಕ್ಕೇ ಹೇಳುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಸುತ್ತುಬಳಸು ಮಾತೂ ಇಲ್ಲ. ನಮ್ಮವರಿಗೆ ಮೊದಮೊದಲು ಚುರುಕ್ ಅನ್ನುತ್ತದೆ. ಆದರೆ ಹತ್ತು ನಿಮಿಷಕ್ಕೆ ಅದೇ ಮನುಷ್ಯ ಕಾಫಿ ಬೇಕಾ ಅಂತ ಕೇಳಿರುತ್ತಾನೆ. ನನಗೆ ಈ ಪದ್ಧತಿಯೇ ವಾಸಿ ಅನ್ನಿಸಿತು.

ಸ್ವಂತ ಬಾಡಿಗೆ ಮನೆಯಲ್ಲಿ ಹೇಳುವ ರೀತಿಯೇ ಬೇರೆ. ಮುಖ ಕೊಟ್ಟು ಮಾತಿಲ್ಲ. ಮೆಟ್ಟಿಲ ಹತ್ತಿರ ಒಂದು ಚೀಟಿ ಅಂಟಿರುತ್ತದೆ, ಇಲ್ಲವೇ ಬಿಲ್ಡಿಂಗ್ ನೋಡಿಕೊಳ್ಳುವವರಿಂದ ಪತ್ರ ಬರುತ್ತದೆ. ವೇಗೇಯಲ್ಲಿ ಮೊದಲ ದಿನದಿಂದ ಹೆಸರು ಹಿಡಿದು ಕರೆಯುವುದು, ಇಲ್ಲಿ ವರ್ಷಗಳಾದರೂ ‘ಫ್ರೌ’ (ಶ್ರೀಮತಿ), ‘ಹೆರ್’ (ಶ್ರೀ), ಜೊತೆಗೆ ಮನೆತನದ ಹೆಸರು. ಹೊಸದಾಗಿ ಬಂದವರೇ ಅಕ್ಕಪಕ್ಕದ ಬೆಲ್ ಒತ್ತಿ ಪರಿಚಯ ಹೇಳಿಕೊಳ್ಳಬೇಕು, ಅವರು ಬರಲಿ ಅಂತ ಕಾಯಬಾರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಕೂಡದು. ಭಾನುವಾರ ಡ್ರಿಲ್ ಮುಟ್ಟಲೇಬೇಡಿ, ಇಡ್ಲಿ ಹಿಟ್ಟು ಶನಿವಾರವೇ ರುಬ್ಬಿಕೊಳ್ಳಿ.

ಈ ಸೀಮೆಯಲ್ಲಿ ‘ಕೇರ್‌ವೊಖೆ’ ಅಂತ ಒಂದಿದೆ. ಸರದಿಯ ವಾರ ಬಂದಾಗ ನಿಮ್ಮ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತುಬೀಳುತ್ತದೆ. ಮೆಟ್ಟಿಲು ಗುಡಿಸಿ ಒರೆಸಿ ಆ ಹಲಗೆಯನ್ನು ಮುಂದಿನ ಮನೆಗೆ ದಾಟಿಸಬೇಕು. ಮೆಟ್ಟಿಲು ಫಳಫಳ ಅಂತಿದ್ದರೂ ಗುಡಿಸಬೇಕು. ಗುಡಿಸಿದ್ದು ನಾಲ್ಕು ಜನಕ್ಕೆ ಕಂಡರೆ ಇನ್ನೂ ಒಳ್ಳೆಯದು.

ಈ ಮನೆ ಸಿಗುವುದೇ ಕಷ್ಟ. ಹಿಂದಿನ ಸಂಬಳದ ಚೀಟಿಗಳು ಬೇಕು, ಸಾಲಗೀಲ ಬಾಕಿ ಇಲ್ಲ ಅನ್ನುವ ಶೂಫಾ ವರದಿ ಬೇಕು. ಈಗ ತಾನೇ ಇಳಿದವರ ಹತ್ತಿರ ಎರಡೂ ಇರುವುದಿಲ್ಲ. ಠೇವಣಿ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆಯಷ್ಟು, ಅದೂ ಹೀಟಿಂಗ್ ಮುಂತಾದ ಖರ್ಚು ಬಿಟ್ಟು. ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಖಾಲಿ ಮನೆ ಅಂದರೆ ನಿಜಕ್ಕೂ ಖಾಲಿ. ನನ್ನದರಲ್ಲಿ ಸೂರಿನಿಂದ ವೈರ್ ನೇತಾಡುತ್ತಿತ್ತು, ಬಲ್ಬ್ ಇರಲಿಲ್ಲ. ಸಿಂಕು, ಒಲೆ, ಕಪಾಟುಗಳನ್ನು ಹಿಂದಿನ ಬಾಡಿಗೆದಾರರಿಂದ ಚೌಕಾಸಿ ಮಾಡಿ ಕೊಂಡೆ. ರೇಡಿಯೋ, ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ತಲೆಗಲ್ಲ ಮನೆಗೆ. ವೇಗೇಯಲ್ಲಿ ನಾಲ್ಕು ಪಾಲಾಗುತ್ತಿತ್ತು, ಈಗ ಪೂರ್ತಿ ನನ್ನದೇ.

ಒಂಟಿಯಾಗಿ ಬರುವವರಿಗೆ ನಾನು ಹೇಳುವುದು ವೇಗೇ, ಕೊನೇಪಕ್ಷ ಮೊದಲ ವರ್ಷ. ಮಕ್ಕಳು ಮರಿ ಜೊತೆ ಬರುವವರಿಗೆ ಅದು ಆಗದ ಮಾತು, ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವುದಾದರೂ ಅಷ್ಟೇ. ಅವರು ಫರ್ನಿಶ್ಡ್ ಮನೆಯಲ್ಲಿ ಇಳಿದು ಸಂಬಳದ ಚೀಟಿ ಕೈಗೆ ಬರುತ್ತಿದ್ದ ಹಾಗೆ ಸ್ವಂತ ಬಾಡಿಗೆ ಮನೆ ಹುಡುಕಲಿ.

ಬಿಡುವಾಗಿನ ನಿಯಮವನ್ನು ಸೇರುವಾಗಲೇ ಕೇಳಿಕೊಳ್ಳಿ. ಸ್ವಂತ ಕರಾರಾದರೆ ಮೂರು ತಿಂಗಳ ನೋಟಿಸ್, ಕಾಗದದಲ್ಲಿ, ಪೆನ್ನಿನ ಸಹಿ ಹಾಕಿ. ಇಮೇಲ್ ನಡೆಯುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಫರ್ನಿಶ್ಡ್ ಮನೆಗೆ ಹೆಚ್ಚಾಗಿ ತಾರೀಖು ಬರೆದ ಕರಾರು, ನಡುವೆ ಬಿಡುವುದು ಸುಲಭವಲ್ಲ. ವೇಗೇಯಲ್ಲಿ ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಒಬ್ಬರೇ ನೋಟಿಸ್ ಕೊಟ್ಟು ಹೊರಬರಲು ಆಗುವುದಿಲ್ಲ. ನನ್ನ ಕರಾರು ಮುಖ್ಯ ಬಾಡಿಗೆದಾರನ ಜೊತೆ ಮಾತ್ರ ಇತ್ತು, ಹಾಗಾಗಿ ಸಲೀಸಾಯಿತು.