ಕಕ್ಷಿದಾರರ ಕಾಗದ ಎಲ್ಲಿಡೋದು? ವಾಟ್ಸಾಪ್, ಡ್ರೈವ್, ವೆರಾಕ್ರಿಪ್ಟ್, ಕ್ರಿಪ್ಟೊಮೇಟರ್: ಬಳಸಿ ನೋಡಿದ ಹೋಲಿಕೆ

ಕಲಬುರಗಿಯ ಬಿಸಿಲು ಗೊತ್ತಲ್ಲ. ಅಂಥದೊಂದು ಮಧ್ಯಾಹ್ನ ಅಫಿಡವಿಟ್ ಪ್ರಿಂಟ್ ತೆಗೆಸಲು ಕೋರ್ಟ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹುಡುಗ ಕಂಪ್ಯೂಟರ್ ತೆರೆದ. ಪರದೆ ತುಂಬ ಯಾರ್ಯಾರದೋ ಫೈಲುಗಳು. ಅದರ ನಡುವೆ ನನ್ನ ಕಕ್ಷಿದಾರರೊಬ್ಬರ ಹೆಸರು ಕಂಡಿತು. ವಿಚ್ಛೇದನದ ಕೇಸು, ಆಸ್ಪತ್ರೆಯ ವರದಿ. "ಇದು ಇಲ್ಲಿ ಹ್ಯಾಂಗ್ ಬಂತಪ್ಪಾ?" ಅಂದೆ. "ನೀವೇ ಹೋದ ತಿಂಗಳು ಪ್ರಿಂಟ್ ತಗೊಂಡಿದ್ರಲ್ರೀ ಮೇಡಂ. ಮತ್ತ ಬೇಕಾಗ್ತದ ಅಂತ ಇಟ್ಟೀನಿ" ಅಂದ. ಹುಡುಗ ಕೆಟ್ಟವನಲ್ಲ, ಉಪಕಾರ ಅಂತಲೇ ಇಟ್ಟಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಕ್ಷಿದಾರರು ವಕೀಲರಾದ ನಮಗೆ ಹೇಳಿದ್ದನ್ನು ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹೊರಗೆ ಬಿಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಇದನ್ನು ಹೇಳುತ್ತದೆ. ಹಳೆಯ 1872ರ ಕಾಯ್ದೆಯಲ್ಲಿ ಇದು 126ನೇ ಕಲಂ ಆಗಿತ್ತು. ಕೇಸ್ ಮುಗಿದರೂ ಈ ಹೊಣೆ ಮುಗಿಯೋದಿಲ್ಲ. ನಮ್ಮ ಗುಮಾಸ್ತರಿಗೂ ಅದೇ ಕಲಂ ಅನ್ವಯಿಸುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಹಾಗಾಗಿ ನನ್ನೊಬ್ಬಳ ಫೋನಿಗೆ ಬೀಗ ಹಾಕಿಕೊಂಡರೆ ಸಾಲದು.

ನಮ್ಮದು ಸಣ್ಣ ಆಫೀಸು. ನಾನು, ಒಬ್ಬ ಜೂನಿಯರ್, ಒಬ್ಬರು ಗುಮಾಸ್ತರು. ಒಂದು ಹಳೆಯ ಕಂಪ್ಯೂಟರ್, ಒಂದು ಲ್ಯಾಪ್‌ಟಾಪ್, ಮೂರು ಆಂಡ್ರಾಯ್ಡ್ ಫೋನ್. ಐದು ತಿಂಗಳು ಬೇರೆ ಬೇರೆ ದಾರಿ ಹಿಡಿದು ನೋಡಿದೆವು. ಪ್ರತಿಯೊಂದಕ್ಕೂ ನಾನು ಕೇಳಿದ್ದು ಮೂರೇ ಪ್ರಶ್ನೆ. ಫೋನೋ ಪೆನ್‌ಡ್ರೈವೋ ಕಳೆದುಹೋದರೆ ಏನಾಗುತ್ತದೆ? ನಾನಿಲ್ಲದಾಗ ಬೇರೆಯವರು ಕಂಪ್ಯೂಟರ್ ಮುಂದೆ ಕೂತರೆ ಏನು ಕಾಣುತ್ತದೆ? ಗುಮಾಸ್ತರು ಬೇಸರವಿಲ್ಲದೆ ಬಳಸುತ್ತಾರಾ?

ಮೊದಲು ವಾಟ್ಸಾಪ್. ಅದನ್ನು ಬಿಟ್ಟು ನಮ್ಮ ಕೆಲಸ ನಡೆಯೋದೇ ಇಲ್ಲ, ಅಲ್ವಾ? ಜೇವರ್ಗಿಯ ರೈತರು ಪಹಣಿಯ ಫೋಟೊ ಎರಡು ನಿಮಿಷದಲ್ಲಿ ಕಳಿಸುತ್ತಾರೆ. ದಾರಿಯಲ್ಲಿ ಅದನ್ನು ಯಾರೂ ಓದಲಾರರು, 2016ರಿಂದ ಎಲ್ಲ ಮೆಸೇಜುಗಳಿಗೂ ಎರಡು ತುದಿಯ ನಡುವೆ ಬೀಗ ಇದೆ. ತೊಂದರೆ ಇರೋದು ತುದಿಗಳಲ್ಲಿ. ಬಂದ ಫೋಟೊ ಸೀದಾ ಫೋನಿನ ಗ್ಯಾಲರಿಗೆ ಹೋಗಿ ಕೂರುತ್ತದೆ. ಗುಮಾಸ್ತರ ಫೋನ್ ತೆಗೆದು ನೋಡಿದೆವು. ಮೊಮ್ಮಗಳ ಜವಳದ ಫೋಟೊ, ಅದರ ಪಕ್ಕದಲ್ಲೇ ಒಂದು ಪೋಕ್ಸೊ ಕೇಸಿನ ಹೇಳಿಕೆಯ ಪುಟ. ಆ ಫೋನಲ್ಲಿ ಮನೆಯ ಮಕ್ಕಳು ಸಂಜೆಯೆಲ್ಲ ಆಟ ಆಡುತ್ತಾರೆ. ಅಂಥ ಕೇಸಲ್ಲಿ ಮಗುವಿನ ಗುರುತು ಹೊರಬಿದ್ದರೆ ಅದಾದಮೇಲೆ ಏನು ಮಾಡಿದರೂ ಸರಿಹೋಗೋದಿಲ್ಲ.

ಸೆಟ್ಟಿಂಗ್‌ನಲ್ಲಿ ಮೀಡಿಯಾ ಗ್ಯಾಲರಿಯಲ್ಲಿ ಕಾಣದ ಹಾಗೆ ಮಾಡಬಹುದು. ಮೂವರೂ ಅವತ್ತೇ ಮಾಡಿಕೊಂಡೆವು. ಆಮೇಲೆ ಬ್ಯಾಕಪ್ ನೋಡಿದೆವು. ಗೂಗಲ್ ಖಾತೆಗೆ ಹೋಗುವ ಬ್ಯಾಕಪ್‌ಗೆ ಆ ಎರಡು ತುದಿಯ ಬೀಗವನ್ನು ನಾವೇ ಆನ್ ಮಾಡಬೇಕು. 2021ರಿಂದ ಆ ಸೌಲಭ್ಯ ಇದೆ, ನಮ್ಮ ಮೂರು ಫೋನಲ್ಲಿ ಒಂದರಲ್ಲೂ ಆನ್ ಇರಲಿಲ್ಲ. ಕೊನೆಗೆ 'ಲಿಂಕ್ಡ್ ಡಿವೈಸಸ್' ಪಟ್ಟಿ ತೆರೆದೆ. ನನ್ನದಲ್ಲದ ಒಂದು ಕಂಪ್ಯೂಟರ್ ಅಲ್ಲಿತ್ತು. ಎಂದೋ ಅವಸರದಲ್ಲಿ ಹೊರಗೆ ಪ್ರಿಂಟ್ ತೆಗೆಸುವಾಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಲಾಗ್‌ಔಟ್ ಮಾಡದೆ ಬಂದಿದ್ದೆ. ಈ ಪಟ್ಟಿಯನ್ನು ನೀವೂ ಈಗಲೇ ಒಮ್ಮೆ ತೆರೆದು ನೋಡಿ.

ಇನ್ನೊಂದು ಮಾತು ಸಾಕ್ಷ್ಯದ್ದು. ಎಲೆಕ್ಟ್ರಾನಿಕ್ ದಾಖಲೆಗೆ ಈಗ ಅದೇ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ನಾನು ಒಂದೇ ಚಿತ್ರವನ್ನು ಎರಡು ಥರ ಕಳಿಸಿ ನೋಡಿದೆ. ಫೋಟೊ ಆಗಿ ಕಳಿಸಿದಾಗ ವಾಟ್ಸಾಪ್ ಅದನ್ನು ಕುಗ್ಗಿಸಿತು, ಹ್ಯಾಶ್ ಬೇರೆ ಬಂತು. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಹ್ಯಾಶ್ ಹಾಗೇ ಉಳಿಯಿತು. ಈಗ ಸಾಕ್ಷ್ಯವಾಗುವ ಫೋಟೊ, ಆಡಿಯೊ ಇದ್ದರೆ ಕಕ್ಷಿದಾರರನ್ನೇ ಆಫೀಸಿಗೆ ಕರೆದು, ಫೋನಿನಿಂದ ಕೇಬಲ್ ಹಾಕಿ ನಕಲು ಮಾಡಿಕೊಳ್ಳುತ್ತೇನೆ. ಮೂಲ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ ಅಂತ ಬರೆದೇ ಕೊಡುತ್ತೇನೆ.

ವಾಟ್ಸಾಪ್ ಥರದ್ದೇ ಇನ್ನೊಂದು ಆ್ಯಪ್ ಸಿಗ್ನಲ್ ಕೂಡ ನೋಡಿದೆವು. ನನಗೂ ಜೂನಿಯರ್‌ಗೂ ಇಷ್ಟವಾಯಿತು. ಆದರೆ ನಮ್ಮ ಕಕ್ಷಿದಾರರಲ್ಲಿ ಒಬ್ಬರ ಫೋನಲ್ಲೂ ಅದು ಇರಲಿಲ್ಲ. ಹಾಕಿಕೊಳ್ಳಿ ಅಂತ ಹೇಳಿದವರು ಮತ್ತೆ ವಾಟ್ಸಾಪ್‌ಗೇ ಕಳಿಸಿದರು.

ಗೂಗಲ್ ಡ್ರೈವ್ ಗುಮಾಸ್ತರಿಗೆ ಎಲ್ಲಕ್ಕಿಂತ ಹಿಡಿಸಿತು. 15 ಜಿಬಿ ಉಚಿತ. ಕರಡನ್ನು ಜೂನಿಯರ್ ಮನೆಯಿಂದ ತಿದ್ದುತ್ತಾನೆ, ನಾನು ಹೈಕೋರ್ಟ್ ಪೀಠದ ಕಾರಿಡಾರಿನಲ್ಲಿ ನಿಂತು ಓದುತ್ತೇನೆ. ಹಳೆಯ ಆವೃತ್ತಿಯೂ ವಾಪಸ್ ಸಿಗುತ್ತದೆ. ಎರಡು ಹಂತದ ಲಾಗಿನ್ ಇಟ್ಟುಕೊಂಡರೆ ಪಾಸ್‌ವರ್ಡ್ ಸೋರಿದರೂ ಬೇರೆಯವರು ಒಳಗೆ ಬರೋದು ಕಷ್ಟ. ನನಗೆ ಭಯ ಹುಟ್ಟಿಸಿದ್ದು ಲಿಂಕು. ಬೆಂಗಳೂರಿನ ಸೀನಿಯರ್ ಒಬ್ಬರಿಗೆ ತೋರಿಸಲು ಒಂದು ಫೋಲ್ಡರನ್ನು 'ಲಿಂಕ್ ಇರುವ ಯಾರಾದರೂ' ಅಂತ ತೆರೆದಿದ್ದೆ. ಮೇಲ್ಮನವಿ ಮುಗಿದು ವರ್ಷವಾಗಿತ್ತು, ಫೋಲ್ಡರ್ ಇನ್ನೂ ತೆರೆದೇ ಇತ್ತು. ಇನ್ನೊಂದು ವಿಷಯ, ಡ್ರೈವ್‌ನಲ್ಲಿ ಫೈಲಿಗೆ ಬೀಗ ಇದ್ದರೂ ಅದರ ಕೀಲಿ ಕಂಪನಿಯ ಕೈಯಲ್ಲಿ ಇರುತ್ತದೆ. ಜಮೀನಿನ ಪಾಲು ವ್ಯಾಜ್ಯಕ್ಕೆ ಅಷ್ಟು ಸಾಕು ಅಂತ ಯಾರಾದರೂ ಹೇಳಬಹುದು. ಅತ್ಯಾಚಾರದ ಕೇಸಿನ ಕಾಗದಕ್ಕೆ ಸಾಕು ಅಂತ ನಾನು ಹೇಳಲಾರೆ.

ಪೆನ್‌ಡ್ರೈವ್ ವಿಷಯಕ್ಕೆ ಬರೋಣ. ಮಾಮೂಲಿ ಪೆನ್‌ಡ್ರೈವ್‌ನಿಂದ 11 ಫೈಲು ಅಳಿಸಿ ತಮ್ಮನ ಮಗನ ಕೈಗೆ ಕೊಟ್ಟೆ. ಇಂಜಿನಿಯರಿಂಗ್ ಓದುವ ಹುಡುಗ. ಅಳಿಸಿದ ಫೈಲು ಹುಡುಕಿ ಕೊಡುವ, ಉಚಿತವಾಗಿ ಸಿಗುವ ರೆಕುವಾ ತಂತ್ರಾಂಶ ಹಾಕಿ ಅರ್ಧ ಗಂಟೆಯಲ್ಲಿ 9 ಫೈಲು ವಾಪಸ್ ತೆಗೆದ. ಅಳಿಸಿದ್ದೇವೆ ಅಂತ ನಾವು ಅಂದುಕೊಳ್ಳೋದು, ಅಷ್ಟೇ. ಆಮೇಲೆ ಅದೇ ಪೆನ್‌ಡ್ರೈವನ್ನು ಪೂರ್ತಿ ಒರೆಸಿ, ವೆರಾಕ್ರಿಪ್ಟ್ ಅನ್ನೋ ತಂತ್ರಾಂಶದಿಂದ ಒಳಗೆ ಪಾಸ್‌ವರ್ಡ್ ಹಾಕಿ ತೆರೆಯುವ ಬೀಗದ ಪೆಟ್ಟಿಗೆ ಮಾಡಿ, ಫೈಲು ತುಂಬಿ ಕೊಟ್ಟೆ. "ಅತ್ತೆ, ಫೈಲಿನ ಹೆಸರು ಸೈತ ಕಾಣವಲ್ದು" ಅಂದ.

ವೆರಾಕ್ರಿಪ್ಟ್ ಉಚಿತ. ನಮ್ಮ ಕಂಪ್ಯೂಟರಿನಲ್ಲಿ ಇರೋದು ವಿಂಡೋಸ್ ಹೋಮ್, ಅದರಲ್ಲಿ ಪೆನ್‌ಡ್ರೈವ್‌ಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಲು ಬರೋದಿಲ್ಲ, ಹಾಗಾಗಿ ಇದನ್ನೇ ಹಿಡಿದೆವು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇದು ಸುಮ್ನೆ ತೆರೆಯೋದಿಲ್ಲ, ತಂತ್ರಾಂಶ ಬೇಕು, ಅಡ್ಮಿನ್ ಅನುಮತಿ ಬೇಕು. ನನಗೆ ಅದೇ ಜಾಸ್ತಿ ಮೆಚ್ಚುಗೆಯಾಯಿತು. ಒಂದು ಸಣ್ಣ ಪ್ರಿಂಟರ್ ತಂದು ಆಫೀಸಿನಲ್ಲೇ ಇಟ್ಟೆವು. ಪ್ರಿಂಟರಿಗೆ ಹಾಕಿದ ಆ ದುಡ್ಡು ಈ ಐದು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಖರ್ಚು.

ಕಷ್ಟಗಳೂ ಇವೆ. ಪೆಟ್ಟಿಗೆ ತೆರೆದಿದ್ದಾಗ ಒಮ್ಮೆ ಕರೆಂಟ್ ಹೋಯಿತು. ಅವತ್ತು ಬರೆದ ವಾದದ ಟಿಪ್ಪಣಿ ಕೆಟ್ಟುಹೋಯಿತು. ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಇದನ್ನು ಬಳಸಬೇಡಿ. ಪಾಸ್‌ವರ್ಡ್ ಮರೆತರೆ ಯಾರಿಗೆ ಫೋನ್ ಮಾಡಿದರೂ ಪೆಟ್ಟಿಗೆ ತೆರೆಯೋದಿಲ್ಲ. ನಾನು ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಮನೆಯ ಅಲಮಾರಿನಲ್ಲಿ ಇಟ್ಟಿದ್ದೇನೆ. ಎಲ್ಲಿದೆ ಅಂತ ಅಕ್ಕನಿಗೆ ಗೊತ್ತು. ಪೆನ್‌ಡ್ರೈವ್ ಕೆಡುವ ವಸ್ತು, ಆದ್ದರಿಂದ ಅಂಥದೇ ಇನ್ನೊಂದು ಪ್ರತಿ ಬ್ಯಾಂಕಿನ ಲಾಕರಿನಲ್ಲಿದೆ. ಗುಮಾಸ್ತರಿಗೆ ಮಾತ್ರ ಇದು ಒಗ್ಗಲೇ ಇಲ್ಲ. "ಮೇಡಂ, ಹತ್ತ್ ಸಲ ಬೀಗ ತೆಗಿ, ಹತ್ತ್ ಸಲ ಹಾಕು, ತಾರೀಕ್ ಯಾವಾಗ್ ನೋಡ್ಬೇಕ್ರಿ?" ಅಂದರು. ಅವರ ಮಾತಲ್ಲಿ ನಿಜ ಇದೆ. ಬೆಳಿಗ್ಗೆ ಹತ್ತೂವರೆಗೆ ಆರು ಕೋರ್ಟ್ ಹಾಲ್ ಓಡುವವರಿಗೆ ಇದು ಭಾರವೇ.

ಆ ಭಾರ ಇಳಿಸಿದ್ದು ಕ್ರಿಪ್ಟೊಮೇಟರ್ ಅನ್ನೋ ತಂತ್ರಾಂಶ. ಡ್ರೈವ್‌ನ ಫೋಲ್ಡರ್ ಒಳಗೇ ಒಂದು ಬೀಗದ ಕೋಣೆ ಮಾಡುತ್ತದೆ. ಫೈಲು ನಮ್ಮ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದು, ಆಮೇಲೆ ಡ್ರೈವ್‌ಗೆ ಹೋಗುತ್ತದೆ, ಹೆಸರೂ ಸೇರಿ. ಕೀಲಿ ನಮ್ಮ ಹತ್ತಿರವೇ ಇರುತ್ತದೆ. ವೆರಾಕ್ರಿಪ್ಟ್ ಪೆಟ್ಟಿಗೆಯನ್ನು ಡ್ರೈವ್‌ಗೆ ಹಾಕಿದರೆ ಅದು ಒಂದೇ ದೊಡ್ಡ ಫೈಲು, ಒಂದು ಸಾಲು ತಿದ್ದಿದರೂ ಇಡೀ ಪೆಟ್ಟಿಗೆ ಮತ್ತೆ ಏರಬೇಕಾಗಬಹುದು. ಇದರಲ್ಲಿ ತಿದ್ದಿದ ಫೈಲು ಮಾತ್ರ ಹೋಗುತ್ತದೆ. ನಮ್ಮ ಇಂಟರ್‌ನೆಟ್ಟಿಗೆ ಇದು ದೊಡ್ಡ ಅನುಕೂಲ. ಗುಮಾಸ್ತರು ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಹಾಕುತ್ತಾರೆ, ಸಂಜೆ ಮುಚ್ಚುತ್ತಾರೆ. ಕಂಪ್ಯೂಟರಿಗೆ ಉಚಿತ, ಆಂಡ್ರಾಯ್ಡ್ ಫೋನಿಗೆ ದುಡ್ಡು ಕೊಡಬೇಕು. ಇಬ್ಬರು ಒಂದೇ ಕರಡನ್ನು ಒಟ್ಟಿಗೆ ತಿದ್ದಿದರೆ ಎರಡು ಪ್ರತಿ ಆಗಿಬಿಡುತ್ತದೆ. ನಮಗೆ ಎರಡು ಸಲ ಹಾಗಾಯಿತು. ಈಗ ತಿದ್ದುವ ಮೊದಲು ಒಬ್ಬರಿಗೊಬ್ಬರು ಹೇಳುತ್ತೇವೆ.

ಈಗ ನಡೆಯುತ್ತಿರುವ ಕೇಸುಗಳೆಲ್ಲ ಕ್ರಿಪ್ಟೊಮೇಟರ್‌ನಲ್ಲಿ ಇವೆ. ಮುಗಿದ ಕೇಸು, ಮಕ್ಕಳ ಕೇಸು, ಮೂಲ ಆಡಿಯೊ ವಿಡಿಯೊ ವೆರಾಕ್ರಿಪ್ಟ್‌ನಲ್ಲಿ. ವಾಟ್ಸಾಪ್‌ನಲ್ಲಿ ತಾರೀಕು ಮತ್ತು "ಆಫೀಸಿಗೆ ಬನ್ನಿ" ಅನ್ನೋದು ಮಾತ್ರ. ಯಾರಾದರೂ ಕಾಗದ ಕಳಿಸಿದರೆ ಇಳಿಸಿಕೊಂಡು ಅವತ್ತೇ ಫೋನಿಂದ ತೆಗೆಯುತ್ತೇವೆ.

ಆಳಂದ ಕಡೆಯ ಒಬ್ಬ ಹೆಣ್ಣುಮಗಳ ಕೇಸಿಗೆ ಮಾತ್ರ ಈ ಯಾವುದೂ ಕೆಲಸಕ್ಕೆ ಬರಲಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿದ್ದೇವೆ. ಆಕೆ ಇನ್ನೂ ಅದೇ ಮನೆಯಲ್ಲಿ ಇದ್ದಾಳೆ. "ಮೇಡಂ, ಫೋನ್ ಮೈದುನನ ಹತ್ರ ಇರ್ತದ್ರಿ. ನನಗೇನೂ ಕಳಿಸ್ಬ್ಯಾಡ್ರಿ" ಅಂದಳು. ನನ್ನ ಕಡೆ ಎಷ್ಟೇ ಗಟ್ಟಿ ಬೀಗ ಇದ್ದರೂ ಆ ಕಡೆಯ ಫೋನು ಎದುರು ಪಕ್ಷದವರ ಜೇಬಿನಲ್ಲಿದೆ. ಆಕೆಯ ನಂಬರನ್ನೇ ನಮ್ಮ ಮೂರೂ ಫೋನಿಂದ ತೆಗೆದೆವು. ತವರಿಗೆ ಬಂದಾಗ ಅವ್ವನ ಫೋನಿಂದ ಆಕೆಯೇ ಕರೆ ಮಾಡುತ್ತಾಳೆ. ತಾರೀಕಿನ ದಿನ ಬೆಳಗಿನ ಬಸ್ಸಿಗೆ ಬಂದು ನಮ್ಮ ಆಫೀಸಿನಲ್ಲಿ ಕೂರುತ್ತಾಳೆ. ನಾನು ಪೆಟ್ಟಿಗೆ ತೆರೆದು ಕುರ್ಚಿ ಅವಳ ಕಡೆ ಸರಿಸುತ್ತೇನೆ. ತನ್ನ ಅಫಿಡವಿಟ್ ಅನ್ನು ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿಕೊಳ್ಳುತ್ತಾಳೆ. "ಆತ್ರಿ" ಅಂದಮೇಲೆ ಮುಚ್ಚುತ್ತೇನೆ. ಆಕೆಯ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಕೋರ್ಟಿಗೆ ಹೊರಡುತ್ತೇವೆ, ಫೈಲು ನನ್ನ ಚೀಲದಲ್ಲಿರುತ್ತದೆ.