ಮೈಲೇಜ್ ನಿಯಮವೋ, ಇಂಗಾಲದ ತೆರಿಗೆಯೋ?

ಕಾರುಗಳ ಇಂಗಾಲ ತಗ್ಗಿಸಲು ಸರ್ಕಾರಕ್ಕೆ ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಬೇಗ ಫಲ ಬೇಕಿದ್ದರೆ ಇಂಗಾಲದ ತೆರಿಗೆ, ಅಂದರೆ ಉಗುಳುವ ಇಂಗಾಲಕ್ಕೆ ತಕ್ಕಂತೆ ಇಂಧನದ ಮೇಲೆ ಹಾಕುವ ತೆರಿಗೆ. ಸ್ವೀಡನ್ 1991ರಲ್ಲೇ ಇದನ್ನು ತಂದಿತು. ಹಳೆಯ ಕಾರಿಗೂ ಅದು ತಟ್ಟುತ್ತದೆ, ಸುಮ್ನೆ ಸುತ್ತಾಡುವುದೂ ಕಡಿಮೆಯಾಗುತ್ತದೆ. ಮೈಲೇಜ್ ನಿಯಮ ಅಂದರೆ ಕಂಪನಿಯ ಕಾರುಗಳು ಲೀಟರಿಗೆ ಸರಾಸರಿ ಇಷ್ಟು ದೂರ ಓಡಲೇಬೇಕು ಅನ್ನುವುದು; ಅಮೆರಿಕ 1975ರಲ್ಲಿ ಕಾನೂನು ಮಾಡಿದ ಈ ನಿಯಮ ಹೊಸ ಕಾರುಗಳಿಗೆ ಮಾತ್ರ. ಹಳೆಯವು ರಸ್ತೆ ಬಿಡಲು ವರ್ಷಗಳೇ ಬೇಕು. ಮೈಲೇಜ್ ಜಾಸ್ತಿಯಾದರೆ ಓಡಿಸುವ ಖರ್ಚು ತಗ್ಗಿ, ಓಡಾಟವೂ ಸ್ವಲ್ಪ ಹೆಚ್ಚುತ್ತದೆ.

ಆದರೆ ಹೊರೆ ಯಾರಿಗೆ? ನನ್ನನ್ನು ಕಾಡುವುದು ಇದೇ. ಬಸ್ಸೇ ಇಲ್ಲದ ಕಡೆ ತೆರಿಗೆ ಬಡವರಿಗೆ ನೇರ ಪೆಟ್ಟು, ಅಲ್ವಾ? ಅಂಥಲ್ಲಿ ನಿಯಮವೇ ವಾಸಿ. ಕಾರಿನ ಬೆಲೆ ಏರಬಹುದು, ಆದರೆ ಪೆಟ್ರೋಲ್ ಖರ್ಚು ಇಳಿಯುತ್ತದೆ. ಬಸ್ಸು, ರೈಲು ಚೆನ್ನಾಗಿದ್ದು, ತೆರಿಗೆ ಹಣ ಜನರಿಗೇ ಮರಳುವುದಾದರೆ ತೆರಿಗೆ ಆರಿಸಿ.